ಲಾಯ್ಕ್‌ಟುರ್ಮ್ 1917, ಎ5: ದಿನವೂ ಕನ್ನಡದಲ್ಲಿ ಬರೆಯುವ ಕೈಗೆ ಎಷ್ಟು ಒಗ್ಗುತ್ತದೆ?

ದಿನದ ಕೊನೆಗೆ ಹದಿನೈದು ನಿಮಿಷ ಕೂತು, ಆ ದಿನವನ್ನು ಬರೆದು ನೋಡುವವರಿಗೆ ನೋಟ್‌ಬುಕ್ಕಿನ ಆಯ್ಕೆ ಅಲಂಕಾರದ ಮಾತಲ್ಲ. ಬರೆಯುತ್ತಿರುವಾಗಲೇ ಪುಸ್ತಕ ಮುಚ್ಚಿಕೊಳ್ಳುವುದು, ಒತ್ತಕ್ಷರದ ಬಾಲ ಕೆಳಗಿನ ಸಾಲಿನ ತಲೆಗೆ ತಾಗುವುದು, ಶಾಯಿ ಹಿಂಬದಿಗೆ ಇಳಿದು ಆ ಪುಟವೇ ದಂಡವಾಗುವುದು: ಇಂಥ ಸಣ್ಣ ಕಿರಿಕಿರಿಗಳು ಸೇರಿಕೊಂಡರೆ ಮೂರನೇ ವಾರಕ್ಕೆ ಬರವಣಿಗೆ ನಿಲ್ಲುತ್ತದೆ. ಮನಸ್ಸು ಸೋತಿತು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಸೋತದ್ದು ಕೈ. ಆದ್ದರಿಂದ ಈ ವಿಮರ್ಶೆ ಹೊದಿಕೆಯ ಬಣ್ಣ, ಅಂದ ಚೆಂದಗಳನ್ನು ಬದಿಗಿಟ್ಟು, ಎಂಟು ತಿಂಗಳು ದಿನವೂ ತೆರೆದು ಬರೆಯಲು ಲಾಯ್ಕ್‌ಟುರ್ಮ್ 1917 ಎಂಬ ಈ ನೋಟ್‌ಬುಕ್ ಎಷ್ಟು ಸಹಕರಿಸುತ್ತದೆ ಎಂಬುದನ್ನಷ್ಟೇ ನೋಡುತ್ತದೆ.

ಲಾಯ್ಕ್‌ಟುರ್ಮ್ ಜರ್ಮನ್ ಪದ, ದೀಪಸ್ತಂಭ ಎಂದರ್ಥ. ಹೆಸರಿನಲ್ಲಿರುವ 1917 ಸಂಸ್ಥೆ ಹುಟ್ಟಿದ ವರ್ಷ. ಅಂಚೆಚೀಟಿ ಸಂಗ್ರಹಕಾರರಿಗೆ ಆಲ್ಬಂ ಮಾಡಿಕೊಡುವುದು ಅದರ ಹಳೆಯ ಕಸುಬು. ಇಲ್ಲಿ ಪರಿಶೀಲಿಸುತ್ತಿರುವುದು ಗಟ್ಟಿ ರಟ್ಟಿನ ಎ5 ಮಾದರಿ: 145 x 210 ಮಿ.ಮೀ. ಅಳತೆ, ಪ್ರತಿ ಚದರ ಮೀಟರಿಗೆ 80 ಗ್ರಾಂ ತೂಗುವ ಕಾಗದ, ಸಂಖ್ಯೆ ಅಚ್ಚಾದ 251 ಪುಟ. ಎರಡು ಗುರುತು ದಾರ, ಮುಚ್ಚಿಡಲು ಎಲಾಸ್ಟಿಕ್ ಪಟ್ಟಿ, ಹಿಂದಿನ ರಟ್ಟಿಗೆ ಅಂಟಿದ ಜೇಬು, ಆರಂಭದಲ್ಲಿ ಖಾಲಿ ಪರಿವಿಡಿ ಪುಟಗಳು. ಕೊನೆಯ ಎಂಟು ಹಾಳೆಗಳಲ್ಲಿ ಹರಿದು ತೆಗೆಯಲು ಅನುಕೂಲವಾಗುವಂತೆ ಸಣ್ಣ ತೂತುಗಳ ಸಾಲಿದೆ. ದಿನಕ್ಕೊಂದು ಪುಟದಂತೆ ಲೆಕ್ಕ ಹಾಕಿದರೆ ಸುಮಾರು ಎಂಟು ತಿಂಗಳಿಗೆ ಸಾಕು.

ಮೊದಲಿಗೆ ಗೆರೆ. ಅಂಗಡಿಯಲ್ಲಿ ಯಾರೂ ಇದನ್ನು ಹೇಳುವುದಿಲ್ಲ. ಕನ್ನಡದಲ್ಲಿ ಬರೆಯುವವರಿಗೆ ಮುಖ್ಯವಾದದ್ದು ಇದೇ. ಗೆರೆ ಹಾಕಿದ ಮಾದರಿಯಲ್ಲಿ ಎರಡು ಸಾಲಿನ ನಡುವೆ 6 ಮಿ.ಮೀ. ಅಂತರವಿದೆ. ರೋಮನ್ ಅಕ್ಷರಕ್ಕೆ ಅದು ಸಾಕು. ನಮ್ಮ ಲಿಪಿಯ ಲೆಕ್ಕ ಬೇರೆ. ಅಕ್ಷರದ ಒಡಲಿಗೆ ಸುಮಾರು 3 ಮಿ.ಮೀ., ತಲೆಕಟ್ಟು ಗುಡಿಸುಗಳಿಗೆ ಮೇಲೆ ಒಂದೂವರೆ, ಒತ್ತಿಗೆ ಕೆಳಗೆ ಎರಡರಿಂದ ಮೂರು. ಕೂಡಿದರೆ ಆರೂವರೆಯಿಂದ ಏಳೂವರೆ ಆಗುತ್ತದೆ. 6 ಮಿ.ಮೀ. ಗೆರೆಯಲ್ಲಿ "ಸ್ತ್ರೀ", "ರಾಷ್ಟ್ರ", "ವೈಶಿಷ್ಟ್ಯ" ಬರೆದು ನೋಡಿ. ಎರಡನೇ ಒತ್ತು ಕೆಳಗಿನ ಸಾಲಿನ ಗುಡಿಸಿನೊಳಗೆ ಕೂರುತ್ತದೆ. ಆಗ ಕೈ ತನಗೇ ಗೊತ್ತಿಲ್ಲದೆ ಅಕ್ಷರವನ್ನು ಕುಗ್ಗಿಸುತ್ತದೆ, ಬೆರಳು ಬಿಗಿಯುತ್ತದೆ, ಹತ್ತು ನಿಮಿಷಕ್ಕೆ ಹೆಬ್ಬೆರಳಿನ ಬುಡ ನೋಯುತ್ತದೆ. ಸಾಲು ಬಿಟ್ಟು ಸಾಲು ಬರೆದರೆ 12 ಮಿ.ಮೀ. ಆಗಿ ಪುಟಕ್ಕೆ ಹದಿನೈದು ಹದಿನಾರು ಸಾಲಷ್ಟೇ ಹಿಡಿಯುತ್ತದೆ.

ಹಾಗಾಗಿ ಕನ್ನಡಕ್ಕೆ ಗೆರೆಯ ಮಾದರಿ ಬೇಡ. ಚುಕ್ಕಿಯ ಮಾದರಿ ಅಥವಾ ಪೂರ್ತಿ ಖಾಲಿ ಮಾದರಿ ತೆಗೆದುಕೊಳ್ಳುವುದೇ ಸರಿ. ಚುಕ್ಕಿಗಳು 5 ಮಿ.ಮೀ. ಅಂತರದಲ್ಲಿವೆ. ಮೊದಲ ಸಾಲನ್ನು ಚುಕ್ಕಿಯ ಮೇಲೆ ಕೂರಿಸಿ, ಎರಡನೆಯದನ್ನು ಮುಂದಿನ ಎರಡು ಚುಕ್ಕಿಸಾಲಿನ ನಟ್ಟನಡುವೆ, ಮೂರನೆಯದನ್ನು ಮತ್ತೆ ಚುಕ್ಕಿಯ ಮೇಲೆ. ಹೀಗೆ ಹೋದರೆ ಸಾಲಿಗೆ 7.5 ಮಿ.ಮೀ. ಸಿಗುತ್ತದೆ. ನಾಲ್ಕೈದು ದಿನದಲ್ಲಿ ಕಣ್ಣಿಗೆ ಈ ಲಯ ಹಿಡಿಯುತ್ತದೆ. ಪುಟಕ್ಕೆ ಸುಮಾರು 25 ಸಾಲು, ಸಾಲಿಗೆ ಐದಾರು ಪದ. ಅಂದರೆ ಒಂದು ಪುಟಕ್ಕೆ 130 ಪದದ ಆಸುಪಾಸು. ಒಂದು ದಿನವನ್ನು ಅವಸರವಿಲ್ಲದೆ ಹೇಳಿ ಮುಗಿಸಲು ಅಷ್ಟು ಸಾಕು, ಹರಟೆಗೆ ಜಾಗ ಉಳಿಯುವುದಿಲ್ಲ.

ಖಾಲಿ ಮಾದರಿ ತೆಗೆದುಕೊಂಡವರು ಗೆರೆಹಾಳೆಯೊಂದನ್ನು ಮಾಡಿಕೊಳ್ಳಬೇಕು. ಬಿಳಿ ಡ್ರಾಯಿಂಗ್ ಕಾಗದವನ್ನು ಪುಟದ ಅಳತೆಗೆ ಕತ್ತರಿಸಿ, ಮೇಲೆ 15 ಮಿ.ಮೀ. ಬಿಟ್ಟು, 7.5 ಮಿ.ಮೀ.ಗೊಂದರಂತೆ ದಪ್ಪ ಕಪ್ಪು ಗೆರೆ ಎಳೆಯಿರಿ. ಬರೆಯುವ ಪುಟದ ಕೆಳಗೆ ಸೇರಿಸಿದರೆ 80 ಗ್ರಾಂ ಕಾಗದದ ಮೂಲಕ ಗೆರೆ ಮಸುಕಾಗಿ ಕಾಣುತ್ತದೆ. ಇದೇ ಪುಸ್ತಕದ 120 ಗ್ರಾಂ ಕಾಗದದ ಆವೃತ್ತಿಯೂ ಇದೆ, 203 ಪುಟದ್ದು. ಅದರಲ್ಲಿ ಹಿಂಬದಿಯ ನೆರಳು ಕಡಿಮೆ, ಆದರೆ ಗೆರೆಹಾಳೆಯೂ ಅಷ್ಟೇ ಮಂಕು. ಎರಡೂ ಲಾಭ ಒಟ್ಟಿಗೆ ಸಿಗುವುದಿಲ್ಲ.

ಇನ್ನು ಕಾಗದ. ಶಾಯಿ ಕೈಕೊಡುವ ಬಗೆ ಮೂರು, ಮೂರಕ್ಕೂ ಕಾರಣ ಬೇರೆ. ಅಕ್ಷರದ ಅಂಚಿನಿಂದ ಸಣ್ಣ ಸಣ್ಣ ಎಳೆಗಳಾಗಿ ಶಾಯಿ ಹರಡಿದರೆ ಕಾಗದಕ್ಕೆ ಹಾಕಿದ ಅಂಟುಲೇಪ ಸಾಲದು ಎಂದರ್ಥ. ನಾರುಗಳು ದೀಪದ ಬತ್ತಿಯ ಹಾಗೆ ಶಾಯಿಯನ್ನು ಹೀರಿ ಎಳೆಯುತ್ತಿವೆ. ಹಿಂಬದಿಗೆ ಚುಕ್ಕಿಚುಕ್ಕಿಯಾಗಿ ಇಳಿದರೆ ಲೇಪ ಒಡೆದು ಶಾಯಿ ಪೂರ್ತಿ ತೂರಿಕೊಂಡಿದೆ. ಇಳಿಯದೆ ಬರೀ ನೆರಳು ಕಂಡರೆ ಅದು ಕಾಗದ ತೆಳುವಾದದ್ದರಿಂದ, ಶಾಯಿಯ ತಪ್ಪಲ್ಲ. ಈ ನೋಟ್‌ಬುಕ್ ಮೊದಲನೆಯ ಪರೀಕ್ಷೆಯಲ್ಲಿ ಚೆನ್ನಾಗಿ ಗೆಲ್ಲುತ್ತದೆ, ಎರಡನೆಯದರಲ್ಲಿ ಬಹುಮಟ್ಟಿಗೆ ಗೆಲ್ಲುತ್ತದೆ, ಮೂರನೆಯದರಲ್ಲಿ ಸೋಲುತ್ತದೆ. ಫೌಂಟನ್ ಪೆನ್ನಿನ ಮಧ್ಯಮ ನಿಬ್ಬಿನಲ್ಲಿ ಬರೆದರೆ ಹಿಂದಿನ ಪುಟದ ನೆರಳು ಎದ್ದು ಕಾಣುತ್ತದೆ; ಎರಡೂ ಬದಿ ಬರೆಯಬಹುದು, ಓದಬಹುದು, ಆದರೆ ಫೋಟೊ ತೆಗೆದಿಡುವವರಿಗೆ ಬೇಸರ. ಧಾರಾಳವಾಗಿ ಶಾಯಿ ಬಿಡುವ ಅಗಲ ನಿಬ್ಬು ಮತ್ತು ಮಾರ್ಕರ್ ಬೇಡವೇ ಬೇಡ.

ಗ್ರಾಂ ಜಾಸ್ತಿ ಇದ್ದರೆ ಕಾಗದ ಒಳ್ಳೆಯದು ಎಂಬ ನಂಬಿಕೆ ಅರ್ಧ ಸತ್ಯ. ಜಪಾನಿನ ತೊಮೊಯೆ ರಿವರ್ ಕಾಗದ ಬರೀ 52 ಗ್ರಾಂನದು. ಆದರೂ ಶಾಯಿ ಹರಡುವುದಿಲ್ಲ, ಲೇಪ ಅಷ್ಟು ಬಿಗಿ. ಅದೇ ಕಾರಣಕ್ಕೆ ಶಾಯಿ ಒಣಗಲೂ ತಡ. ಬರೆದ ಕೂಡಲೆ ಪುಸ್ತಕ ಮುಚ್ಚಿ ಮಲಗುವವರಿಗೆ ಎದುರು ಪುಟದಲ್ಲಿ ಅಚ್ಚು ಬೀಳುತ್ತದೆ. ಲಾಯ್ಕ್‌ಟುರ್ಮ್‌ನಲ್ಲಿ ಒಣಗುವಿಕೆ ನಡುಮಟ್ಟದ್ದು. ಒಂದು ತುಂಡು ಹೀರುಕಾಗದವನ್ನು ಗುರುತು ದಾರದ ಜಾಗದಲ್ಲೇ ಇಟ್ಟುಕೊಂಡರೆ ತೊಂದರೆಯಿಲ್ಲ.

ಕನ್ನಡದ ದುಂಡನೆಯ ಅಕ್ಷರಕ್ಕೆ ಯಾವ ಪೆನ್ನು? ಬಾಲ್‌ಪಾಯಿಂಟ್ ಸುಲಭ, ಬೇಗ ಒಣಗುತ್ತದೆ. ಆದರೆ ಗಟ್ಟಿ ಶಾಯಿ ತಿರುವಿನಲ್ಲಿ ಮುದ್ದೆ ಬೀಳುತ್ತದೆ, ನಮ್ಮಲ್ಲಿ ತಿರುವಿಲ್ಲದ ಅಕ್ಷರ ಎಷ್ಟಿವೆ? ಮೇಲಾಗಿ ಒತ್ತಿ ಬರೆಯಬೇಕಾಗುತ್ತದೆ, ಕೆಳಗಿನ ಎರಡು ಮೂರು ಹಾಳೆಗೆ ಅಚ್ಚು ಮೂಡುತ್ತದೆ. 0.5 ಮಿ.ಮೀ. ಜೆಲ್ ಪೆನ್ನು ಈ ಕಾಗದಕ್ಕೆ ಹೇಳಿ ಮಾಡಿಸಿದಂತಿದೆ. ಅದರಲ್ಲೂ ವರ್ಣಕದ (ಪಿಗ್ಮೆಂಟ್) ಶಾಯಿ ತುಂಬಿದ ಜೆಲ್ ಆರಿಸಿ. ಕರಗುವ ಬಣ್ಣದ ಶಾಯಿ ನೀರು ಬಿದ್ದರೆ ಹರಿಯುತ್ತದೆ, ಬೆಳಕಿಗೆ ಮಾಸುತ್ತದೆ. ಒಂದು ಎಚ್ಚರ: ಉಜ್ಜಿದರೆ ಅಳಿಸಿಹೋಗುವ ಫ್ರಿಕ್ಷನ್ ಬಗೆಯ ಪೆನ್ನನ್ನು ದಿನಚರಿಗೆ ಬಳಸಲೇಬಾರದು. ಅದರ ಶಾಯಿ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಬಣ್ಣ ಕಳೆದುಕೊಳ್ಳುವಂತೆ ಮಾಡಿದ್ದು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಪುಸ್ತಕ ಉಳಿದರೆ ತಿಂಗಳ ಬರಹ ಮಾಯವಾಗಬಹುದು. ಕಡುಶೀತದಲ್ಲಿಟ್ಟರೆ ಮತ್ತೆ ಮೂಡುತ್ತದೆ, ಆದರೆ ಬೇಕೆಂದು ಅಳಿಸಿದ್ದೂ ಅದರ ಜೊತೆಗೇ ಎದ್ದು ಬರುತ್ತದೆ.

ಕಟ್ಟು ಈ ಪುಸ್ತಕದ ನಿಜವಾದ ಬಲ. ಹಾಳೆಗಳನ್ನು ಕಂತೆಕಂತೆಯಾಗಿ ಮಡಿಸಿ ದಾರದಿಂದ ಹೊಲಿದಿದ್ದಾರೆ, ಹಾಗಾಗಿ ಯಾವ ಪುಟ ತೆರೆದರೂ ಮೇಜಿನ ಮೇಲೆ ಮಲಗುತ್ತದೆ. ಬರೀ ಅಂಟಿನಿಂದ ಹಿಡಿದ ಪುಸ್ತಕವನ್ನು ಎಡಗೈಯಲ್ಲಿ ಒತ್ತಿಹಿಡಿದೇ ಬರೆಯಬೇಕು, ಬಲ ಹಾಕಿ ಬಿಚ್ಚಿದರೆ ಹಾಳೆ ಉದುರುತ್ತದೆ. ಆದರೆ ಹೊಲಿದ ಪುಸ್ತಕವನ್ನೂ ಮೊದಲ ದಿನವೇ ನಡುವೆ ತೆರೆದು ಒತ್ತಬಾರದು, ಬೆನ್ನಿನ ಅಂಟು ಅಲ್ಲಿಯೇ ಬಿರಿಯುತ್ತದೆ. ಬೆನ್ನನ್ನು ಮೇಜಿಗೆ ತಾಗಿಸಿ ನಿಲ್ಲಿಸಿ, ಮೊದಲು ಎರಡೂ ರಟ್ಟನ್ನು ಮಲಗಿಸಿ. ಮುಂದಿನಿಂದ ಎಂಟು ಹತ್ತು ಹಾಳೆ ಮಗುಚಿ ಒಳಮಡಿಕೆಯ ಉದ್ದಕ್ಕೂ ಬೆರಳಿನಿಂದ ಮೆಲ್ಲಗೆ ನೀವಿ, ಆಮೇಲೆ ಹಿಂದಿನಿಂದ ಅಷ್ಟೇ ಹಾಳೆ. ಒಮ್ಮೆ ಮುಂದೆ ಒಮ್ಮೆ ಹಿಂದೆ, ನಡುವಿಗೆ ಬರುವ ತನಕ. ಐದು ನಿಮಿಷದ ಕೆಲಸ, ಎಂಟು ತಿಂಗಳು ಫಲ ಕೊಡುತ್ತದೆ. ಮೊದಲ ಮತ್ತು ಕೊನೆಯ ಇಪ್ಪತ್ತು ಪುಟಗಳಲ್ಲಿ ಒಂದು ಬದಿ ಎತ್ತರ, ಇನ್ನೊಂದು ತಗ್ಗು ಆಗುತ್ತದೆ. ತಗ್ಗಿನ ರಟ್ಟಿನಡಿ ಮಡಿಸಿದ ಬಟ್ಟೆ ಇಟ್ಟರೆ ಮಣಿಕಟ್ಟಿಗೆ ಆರಾಮ.

ಎಲಾಸ್ಟಿಕ್ ಪಟ್ಟಿ ವರ್ಷದೊಳಗೆ ಸಡಿಲವಾಗುವ ವಸ್ತು. ಜೇಬಿಗೆ ಐದಾರು ಚೀಟಿಗಿಂತ ಹೆಚ್ಚು ತುಂಬಿದರೆ ಕೊನೆಯ ಪುಟಗಳು ಉಬ್ಬುತ್ತವೆ. ಗುರುತು ದಾರದ ತುದಿ ಬಿಚ್ಚಿಕೊಳ್ಳುವ ಮೊದಲೇ ಒಂದು ಹನಿ ಬಿಳಿ ಅಂಟು ಹಚ್ಚಿಬಿಡಿ. ತೂತಿನ ಸಾಲಿರುವ ಕೊನೆಯ ಹಾಳೆಗಳಲ್ಲಿ ಮನಸ್ಸಿನ ಮಾತು ಬರೆಯದಿರುವುದು ಒಳ್ಳೆಯದು, ಹೆಚ್ಚು ಮಗುಚಿದರೆ ಅವು ತಾವಾಗಿಯೇ ಕಳಚುತ್ತವೆ. ಪೆನ್ನು ಪರೀಕ್ಷಿಸಲು ಅವನ್ನು ಬಳಸಿ: ಹೊಸ ಪೆನ್ನು ಬಂದಾಗ ಮೇಲೆ ಹೇಳಿದ ಮೂರು ಪದ ಬರೆದು, ಹತ್ತು ಸೆಕೆಂಡಿಗೊಮ್ಮೆ ಬೆರಳಲ್ಲಿ ಸವರಿ, ಹಿಂಬದಿ ನೋಡಿ.

ಇಷ್ಟು ಹೇಳಿಯೂ, ಈ ಪುಸ್ತಕವನ್ನು ಬೇರೆಯವುಗಳಿಗಿಂತ ಮೇಲೆ ಇಡಬೇಕಾದದ್ದು ಬೇರೆಯೇ ಎರಡು ಗುಣಕ್ಕೆ: ಅಚ್ಚಾದ ಪುಟಸಂಖ್ಯೆ ಮತ್ತು ಖಾಲಿ ಪರಿವಿಡಿ. ದಿನಚರಿ ಬರೆಯುವವರಲ್ಲಿ ಹೆಚ್ಚಿನವರು ತಿರುಗಿ ಓದುವುದೇ ಇಲ್ಲ. ಓದದ ಬರಹ ಎದೆಯ ಭಾರ ಇಳಿಸೀತು, ಆದರೆ ತನ್ನ ಬಗ್ಗೆ ಏನನ್ನೂ ಕಲಿಸದು. ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಕೂತು ಏಳೂ ದಿನದ ಪುಟ ಓದಿ, ಪದೇ ಪದೇ ಬಂದ ವಿಷಯವನ್ನು ಪರಿವಿಡಿಗೆ ಏರಿಸಿ: "ಅಣ್ಣನ ಜೊತೆ ಮಾತು: 14, 17, 18, 31", "ನಿದ್ದೆ: 9, 22, 23", "ಇಲ್ಲ ಎನ್ನಲಾಗದ್ದು: 12, 19, 40". ಎರಡು ತಿಂಗಳಿಗೆ ಆ ಒಂದೇ ಪುಟ ನಿಮ್ಮ ನಕ್ಷೆಯಾಗುತ್ತದೆ. ಯಾವ ಚಿಂತೆಗೆ ಎಷ್ಟು ಪುಟ ಕೊಟ್ಟಿದ್ದೀರಿ ಎಂಬುದು ಸಂಖ್ಯೆಯಲ್ಲೇ ಕಾಣುತ್ತದೆ. ಪುಟಸಂಖ್ಯೆ ಇಲ್ಲದ ಪುಸ್ತಕದಲ್ಲಿ ಇದನ್ನು ಮಾಡಲು ಮೊದಲು ಕೂತು ಸಂಖ್ಯೆ ಹಾಕಬೇಕು. ಮೂವತ್ತನೇ ಪುಟದ ಹೊತ್ತಿಗೆ ಅದು ಬಿಟ್ಟುಹೋಗುತ್ತದೆ.

ಪುಟವನ್ನು ಹೀಗೆ ಹಂಚಿಕೊಂಡರೆ ತಿರುಗಿ ಓದುವುದು ಸುಲಭ. ಹೊರ ಅಂಚಿನಲ್ಲಿ 25 ಮಿ.ಮೀ. ಪಟ್ಟಿಯನ್ನು ಖಾಲಿ ಬಿಡಿ, ಅದು ವಾರದ ಓದಿನಲ್ಲಿ ಬೇರೆ ಬಣ್ಣದ ಶಾಯಿಯಲ್ಲಿ ಟಿಪ್ಪಣಿ ಹಾಕುವ ಜಾಗ. ಹೀಗೆ ಬಿಟ್ಟರೆ ಪುಟಕ್ಕೆ ಹಿಡಿಯುವ ಪದ ನೂರರ ಸುತ್ತಮುತ್ತ ಇಳಿಯುತ್ತದೆ, ಅಡ್ಡಿಯಿಲ್ಲ. ಮೇಲೆ ತಾರೀಖು, ವಾರ, ಗಂಟೆ. ಗಂಟೆಯನ್ನು ಬಿಡಬೇಡಿ: ರಾತ್ರಿ ಹನ್ನೊಂದೂವರೆಗೆ ಬರೆದ ನಿರಾಶೆಯನ್ನೂ ಬೆಳಗ್ಗೆ ಏಳಕ್ಕೆ ಬರೆದ ನಿರಾಶೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮೊದಲ ನಾಲ್ಕೈದು ಸಾಲು ಆದದ್ದಷ್ಟೇ, ತೀರ್ಪಿಲ್ಲದೆ: ಯಾರು, ಎಲ್ಲಿ, ಯಾವ ಮಾತು. ಆಮೇಲೆ ಅದು ತನ್ನಲ್ಲಿ ಏನು ಮಾಡಿತು. ಕೊನೆಯ ಐದಾರು ಸಾಲಿಗೆ "ಏಕೆಂದರೆ" ಎಂಬ ಪದವನ್ನು ಕರೆತನ್ನಿ.

ಈ "ಏಕೆಂದರೆ" ಸುಮ್ಮನೆ ಹೇಳಿದ್ದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ಮನಸ್ಸನ್ನು ಕಲಕಿದ ಘಟನೆಯನ್ನೂ ಅದರ ಭಾವವನ್ನೂ ಸೇರಿಸಿ ಬರೆದವರ ಮನಸ್ಸು ಬರೆದ ಕೂಡಲೆ ಇನ್ನಷ್ಟು ಕುಗ್ಗಿತ್ತು. ಮುಂದಿನ ತಿಂಗಳುಗಳಲ್ಲಿ ಅವರು ವೈದ್ಯರ ಬಳಿ ಹೋದದ್ದು ಕಡಿಮೆ. ಪೆನ್ನೆಬೇಕರ್ ನಂತರದ ಅಧ್ಯಯನಗಳಲ್ಲಿ ಬರಹದ ಪದಗಳನ್ನೇ ಎಣಿಸಿ ನೋಡಿದಾಗ, ದಿನದಿಂದ ದಿನಕ್ಕೆ ಕಾರಣ ಹೇಳುವ, ಅರಿವು ಸೂಚಿಸುವ ಪದಗಳು ಹೆಚ್ಚಾದವರಿಗೆ ಹೆಚ್ಚು ಉಪಯೋಗ ಕಂಡಿತು. ಆದ್ದರಿಂದ ಬರೆದ ತಕ್ಷಣ ಮನಸ್ಸು ಭಾರವೆನಿಸಿದರೆ ಪುಸ್ತಕ ಎಸೆಯಬೇಡಿ. ಆದರೆ ಒಂದೇ ದೂರು ಮೂರು ದಿನ ಅದೇ ಮಾತಿನಲ್ಲಿ ಬಂದರೆ ಅದು ಚಿಂತನೆಯಲ್ಲ, ಗಾಣ. ನಾಲ್ಕನೇ ದಿನ ಅದೇ ಘಟನೆಯನ್ನು "ನಾನು" ಬಿಟ್ಟು "ಅವನು" ಅಥವಾ "ಅವಳು" ಎಂದು ಬರೆಯಿರಿ, ಇಲ್ಲವೆ ಎದುರಿನವರ ಬಾಯಿಂದ ಅರ್ಧ ಪುಟ ಬರೆಯಿರಿ. ಅದೂ ಆಗದಷ್ಟು ನೋವಿದ್ದರೆ, ದಿನದಿಂದ ದಿನಕ್ಕೆ ಕುಸಿಯುತ್ತಿದ್ದರೆ, ನೋಟ್‌ಬುಕ್ ಮುಚ್ಚಿ ಬಲ್ಲ ಮನುಷ್ಯರೊಬ್ಬರ ಜೊತೆ ಮಾತಾಡಬೇಕು. ಆ ಕೆಲಸ ಕಾಗದದ್ದಲ್ಲ.

ತಾರೀಖು ಅಚ್ಚಾಗಿ ಬರುವ ಡೈರಿಗಿಂತ ಇಂಥ ತಾರೀಖಿಲ್ಲದ ಪುಸ್ತಕ ಮೇಲು ಎನ್ನಲೂ ಕಾರಣವಿದೆ. ಡೈರಿಯಲ್ಲಿ ಮೂರು ದಿನ ತಪ್ಪಿದರೆ ಮೂರು ಖಾಲಿ ಪುಟ ಎದುರು ನಿಂತು ಲೆಕ್ಕ ಕೇಳುತ್ತವೆ. ಅವನ್ನು ತುಂಬಲು ಹೊರಟರೆ ನೆನಪಿನಿಂದ ಎಳೆದು ಬರೆದ, ಜೀವವಿಲ್ಲದ ಮೂರು ಪುಟ. ಅಲ್ಲಿಗೆ ಮನಸ್ಸು ಹಿಂಜರಿಯುತ್ತದೆ. ಇಲ್ಲಿ ತಪ್ಪಿದ ದಿನ ತಪ್ಪಿತು, ಇಂದಿನ ತಾರೀಖು ಹಾಕಿ ಮುಂದುವರಿಯಿರಿ. ತೀರಾ ದಣಿದ ದಿನ ಮೂರು ಸಾಲು ಬರೆದರೂ ಅದು ಆ ದಿನದ ಪೂರ್ಣ ಬರಹವೇ.

ಇದೇ ಬಗೆಯ ಬೇರೆ ನೋಟ್‌ಬುಕ್‌ಗಳ ಪೈಕಿ ಮೋಲ್‌ಸ್ಕಿನ್‌ನ ದೊಡ್ಡ ಕ್ಲಾಸಿಕ್ 130 x 210 ಮಿ.ಮೀ., 70 ಗ್ರಾಂ ಕಾಗದ, 240 ಪುಟ. ಅಗಲ ಕಿರಿದಾಗಿರುವುದರಿಂದ ನಮ್ಮ ಉದ್ದ ಪದಗಳು ಸಾಲಿನ ತುದಿಯಲ್ಲಿ ಮುರಿಯುತ್ತವೆ. ಫೌಂಟನ್ ಪೆನ್ನು ಹಿಡಿಯುವವರಿಗೆ ಅದರ ಕಾಗದ ಸಾಲದು. ಬಾಲ್‌ಪಾಯಿಂಟ್‌ಗೆ ಏನೂ ತೊಂದರೆಯಿಲ್ಲ. ಮಿಡೋರಿ ಎಂಡಿ ಎ5, 176 ಪುಟದ್ದು, ಬರೆಯುವ ಸುಖದಲ್ಲಿ ಇವೆಲ್ಲಕ್ಕಿಂತ ಮುಂದು: ಕೆನೆಬಣ್ಣದ ಕಾಗದದ ಮೇಲೆ ನಿಬ್ಬು ಸದ್ದಿಲ್ಲದೆ ಹಿಡಿತದಲ್ಲಿ ಸಾಗುತ್ತದೆ, ಗೆರೆಯ ಅಂತರ 7 ಮಿ.ಮೀ., ಪುಸ್ತಕ ಪೂರ್ತಿ ಚಪ್ಪಟೆ ಮಲಗುತ್ತದೆ. ಹೊದಿಕೆ ಮಾತ್ರ ತೆಳು ಕಾಗದ, ಚೀಲದಲ್ಲಿ ಒಯ್ಯುವವರು ಪ್ರತ್ಯೇಕ ಹೊದಿಕೆ ಹಾಕಲೇಬೇಕು, ಪುಟಸಂಖ್ಯೆಯಿಲ್ಲ. ಹೊಬೊನಿಚಿ ತಾರೀಖಿನ ಡೈರಿ, ಮೇಲೆ ಹೇಳಿದ ತೊಮೊಯೆ ರಿವರ್ ಕಾಗದದ್ದು. ಅದರ ಚೌಕ 3.7 ಮಿ.ಮೀ. ಇರುವುದರಿಂದ ಎರಡು ಚೌಕಕ್ಕೆ ಒಂದು ಸಾಲು ಹಾಕಿದರೆ 7.4 ಮಿ.ಮೀ. ಆಗಿ ಕನ್ನಡಕ್ಕೆ ಸರಿಯಾಗಿ ಕೂರುತ್ತದೆ. ದಿನ ತಪ್ಪಿಸದವರಿಗೆ ಅದು ಒಳ್ಳೆಯ ಆಯ್ಕೆ.

ಮನೆಯೊಳಗೇ ಮೇಜಿನ ಮೇಲೆ, ಫೌಂಟನ್ ಪೆನ್ನಿನಲ್ಲಿ ಬರೆಯುವವರಿಗೆ ಮಿಡೋರಿ. ಚೀಲದಲ್ಲಿ ಒಯ್ಯುತ್ತಾ, ಜೆಲ್ ಪೆನ್ನಿನಲ್ಲಿ ಬರೆದು, ತಿರುಗಿ ಓದುವ ಶ್ರದ್ಧೆ ಇರುವವರಿಗೆ ಲಾಯ್ಕ್‌ಟುರ್ಮ್‌ನ ಚುಕ್ಕಿ ಮಾದರಿ. ದಿನಕ್ಕೆ ಮೂರು ಪುಟ ತುಂಬಿಸುವವರಿಗೆ ಎರಡೂ ಬೇಡ, ಮೂರು ತಿಂಗಳೊಳಗೆ ಮುಗಿಯುತ್ತವೆ. ಹೊಲಿದ ಕಟ್ಟಿನ, ಆಮ್ಲರಹಿತ ಕಾಗದದ ಸಾಧಾರಣ ದಪ್ಪ ಪುಸ್ತಕ ಸಾಕು. "ಆಮ್ಲರಹಿತ" ಎಂಬ ಮಾತು ಪೊಟ್ಟಣದ ಮೇಲೆ ಇದೆಯೇ ನೋಡಿ. ಮರದಲ್ಲಿರುವ ಲಿಗ್ನಿನ್ ಎಂಬ ವಸ್ತು ಮತ್ತು ಆಮ್ಲ ಉಳಿದ ಕಾಗದ ಹಳೆಯ ಪತ್ರಿಕೆಯಂತೆ ಹಳದಿಗಟ್ಟಿ ಪುಡಿಯಾಗುತ್ತದೆ. ಬಾಳಿಕೆಯ ಕಾಗದಕ್ಕೆ ಐಎಸ್‌ಒ 9706 ಎಂಬ ಅಂತರರಾಷ್ಟ್ರೀಯ ಮಾನದಂಡವೇ ಇದೆ.

ಪುಸ್ತಕ ತುಂಬಿದ ದಿನ ಮಾಡಬೇಕಾದದ್ದು ಇಷ್ಟು: ಬೆನ್ನಿಗೆ ಆರಂಭ ಮತ್ತು ಕೊನೆಯ ತಾರೀಖಿನ ಚೀಟಿ ಅಂಟಿಸಿ (ಜೊತೆಯಲ್ಲೇ ಚೀಟಿಗಳು ಬರುತ್ತವೆ), ಪರಿವಿಡಿಯಲ್ಲಿ ಇನ್ನೂ ಮುಗಿಯದ ಎರಡು ಮೂರು ವಿಷಯಗಳನ್ನು ಹೊಸ ಪುಸ್ತಕದ ಪರಿವಿಡಿಗೆ ಹಳೆಯ ಪುಟಸಂಖ್ಯೆ ಸಮೇತ ದಾಟಿಸಿ, ಎಲಾಸ್ಟಿಕ್ ತೆಗೆದು ಹಿಂದಕ್ಕೆ ಬಿಡಿ, ಬಿಗಿದಿಟ್ಟರೆ ರಟ್ಟಿನ ಅಂಚು ಬಾಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ, ಒಳಗೆ ತೇವ ನಿಲ್ಲುತ್ತದೆ. ಗೋಡೆಗೆ ತಾಗದ ಕಪಾಟಿನಲ್ಲಿ, ಬೆಳಕು ಬೀಳದ ಕಡೆ ನೇರವಾಗಿ ನಿಲ್ಲಿಸಿ. ಬೇರೆಯವರು ಓದಿಯಾರು ಎಂಬ ಅಂಜಿಕೆ ಇದ್ದರೆ ಬೀಗದ ಕಪಾಟಿನಲ್ಲೇ ಇಡಿ. ಆ ಅಂಜಿಕೆ ಇಟ್ಟುಕೊಂಡು ಬರೆದ ಪುಟದಲ್ಲಿ ನಿಜ ಅರ್ಧಕ್ಕೇ ನಿಲ್ಲುತ್ತದೆ, ಯಾವ ಕಾಗದವೂ ಅದನ್ನು ಸರಿಪಡಿಸದು.